ಬೇಸಿಗೆಯ ಕೊನೆಯ ಧಗೆ, ಸಿಡಿಲು ಮಳೆ, ದಿಢೀರ್ ನೆರೆ: ಹವಾಮಾನ ಮುನ್ಸೂಚನೆಯ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಅಶ್ವಿನಿ ಮಳೆಯ ಹೊತ್ತಿಗೆ ಆರಂಭವಾಗಿ ರೋಹಿಣಿ ಮಳೆ ಮುಗಿಯುವವರೆಗಿನ ಸುಮಾರು ಎಂಟು ವಾರಗಳಲ್ಲಿ ಕರ್ನಾಟಕದ ಹವಾಮಾನ ಮುನ್ಸೂಚನೆಯು ಬಿಸಿಲಿನ ಎಚ್ಚರಿಕೆಯನ್ನೂ ಸಿಡಿಲು ಮಳೆಯ ಎಚ್ಚರಿಕೆಯನ್ನೂ ಒಂದೇ ಪುಟದಲ್ಲಿ ಹೇಳುತ್ತದೆ. ಮುಂಗಾರಿನ ಮುನ್ಸೂಚನೆಗಿಂತ ಇದನ್ನು ಓದುವುದು ಕಷ್ಟ. ಮುಂಗಾರಿನ ಮೋಡ ಇಡೀ ಜಿಲ್ಲೆಯನ್ನು ಕವಿಯುತ್ತದೆ. ಬೇಸಿಗೆಯ ಮೋಡ ಒಂದು ಹೋಬಳಿಯನ್ನು ತೋಯಿಸಿ ಪಕ್ಕದ ಹೋಬಳಿಯನ್ನು ಒಣಗಿದಂತೆಯೇ ಬಿಟ್ಟು ಹೋಗುತ್ತದೆ. ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಒಂದೇ ದಿನಕ್ಕೆ ಬಿಸಿಲಿನ ಎಚ್ಚರಿಕೆಯೂ ಮಳೆಯ ಎಚ್ಚರಿಕೆಯೂ ಬರುವುದು ಹೇಗೆ?

ಎರಡೂ ಒಂದೇ ಕಾರಣದಿಂದ ಹುಟ್ಟುತ್ತವೆ. ಬೆಳಗಿನಿಂದ ನೆಲ ಕಾದಂತೆ ಅದಕ್ಕೆ ತಾಗಿದ ಗಾಳಿ ಹಗುರವಾಗಿ ಮೇಲೇರುತ್ತದೆ. ಅರಬ್ಬಿ ಸಮುದ್ರದಿಂದಲೋ ಬಂಗಾಳ ಕೊಲ್ಲಿಯಿಂದಲೋ ತೇವಾಂಶ ಒಳನಾಡಿಗೆ ಬಂದಿದ್ದರೆ, ಮೇಲೇರಿದ ಗಾಳಿ ತಂಪಾಗಿ ಮೋಡವಾಗುತ್ತದೆ. ಮಧ್ಯಾಹ್ನ ಮೂರರಿಂದ ರಾತ್ರಿ ಎಂಟರೊಳಗೆ ಆ ಮೋಡ ಹನ್ನೆರಡು ಕಿಲೋಮೀಟರಿಗೂ ಮೀರಿದ ಎತ್ತರಕ್ಕೆ ಬೆಳೆಯಬಲ್ಲದು. ಏಪ್ರಿಲ್, ಮೇ ತಿಂಗಳುಗಳಲ್ಲಿ ವಿದರ್ಭ ಅಥವಾ ಮರಾಠವಾಡದಿಂದ ಕರ್ನಾಟಕದ ಒಳನಾಡನ್ನು ಹಾದು ತಮಿಳುನಾಡಿನ ಕಡೆಗೆ ಸಾಗುವ ಕಡಿಮೆ ಒತ್ತಡದ ಪಟ್ಟಿಯೊಂದು ಆಗಾಗ ಏರ್ಪಡುತ್ತದೆ. ಅದರ ಎರಡು ಬದಿಗಳ ಗಾಳಿ ಬೇರೆ ಬೇರೆ ದಿಕ್ಕಿನಿಂದ ಬಂದು ಸಂಧಿಸುವುದರಿಂದ ಮೋಡ ಮೇಲೇರಲು ಇನ್ನಷ್ಟು ಒತ್ತಾಸೆ ಸಿಗುತ್ತದೆ. ಹವಾಮಾನ ವರದಿಯಲ್ಲಿ ‘ಟ್ರಫ್’ ಎಂಬ ಪದ ಕಂಡಾಗಲೆಲ್ಲ ಇದನ್ನೇ ಹೇಳುತ್ತಿದ್ದಾರೆಂದು ತಿಳಿಯಬಹುದು. ಆದ್ದರಿಂದ ಮಧ್ಯಾಹ್ನದ ಉರಿಬಿಸಿಲನ್ನು ನೋಡಿ ಇಂದು ಮಳೆಯಿಲ್ಲವೆಂದು ತೀರ್ಮಾನಿಸಬಾರದು. ಗಾಳಿ ನಿಂತು ಮೈ ಜಿಗುಟಾಗುವಂತೆ ಸೆಕೆ ಏರಿದರೆ ಸಂಜೆ ಮಳೆ ಬರುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದರಲ್ಲಿ ಹುರುಳಿದೆ.

ಮಳೆ ಬರುತ್ತದೆ ಎಂದಿದ್ದರು, ನಮ್ಮೂರಿಗೆ ಹನಿಯೂ ಬೀಳಲಿಲ್ಲ. ಮುನ್ಸೂಚನೆ ಸುಳ್ಳಾಯಿತೆ?

ಹೆಚ್ಚಿನ ಸಂದರ್ಭಗಳಲ್ಲಿ ಇಲ್ಲ. ಮುನ್ಸೂಚನೆಯಲ್ಲಿ ಅತಿ ಮುಖ್ಯವಾದ ಮತ್ತು ಅತಿ ಕಡಿಮೆ ಗಮನ ಪಡೆಯುವ ಪದವೆಂದರೆ ಮಳೆಯ ಹರವನ್ನು ಹೇಳುವ ಪದ. ಭಾರತೀಯ ಹವಾಮಾನ ಇಲಾಖೆಯು ‘ಅಲ್ಲಲ್ಲಿ’ ಎಂಬರ್ಥದ ಪದ ಬಳಸಿದರೆ, ಆ ವಲಯದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಶೇ 25ರಷ್ಟು ಕಡೆ ಮಾತ್ರ ಮಳೆಯಾಗಬಹುದು ಎಂದರ್ಥ. ‘ಕೆಲವೆಡೆ’ ಎಂದರೆ ಶೇ 26ರಿಂದ 50, ‘ಹಲವೆಡೆ’ ಎಂದರೆ ಶೇ 51ರಿಂದ 75, ‘ಬಹುತೇಕ ಕಡೆ’ ಎಂದರೆ ಅದಕ್ಕಿಂತ ಹೆಚ್ಚು. ಪತ್ರಿಕೆಗಳಲ್ಲಿ ಈ ಕನ್ನಡ ಪದಗಳು ಅದಲುಬದಲಾಗುವುದುಂಟು. ಅನುಮಾನ ಬಂದರೆ ಇಲಾಖೆಯ ಮೂಲ ವರದಿಯನ್ನೇ ನೋಡುವುದು ಒಳ್ಳೆಯದು.

‘ಅಲ್ಲಲ್ಲಿ ಗುಡುಗು ಸಹಿತ ಮಳೆ’ ಎಂದು ಓದಿದ ನಾಲ್ಕು ಊರುಗಳ ಪೈಕಿ ಮೂರಕ್ಕೆ ಮಳೆ ಬಾರದಿದ್ದರೂ ಮುನ್ಸೂಚನೆ ನಿಜವೇ ಆಗಿರುತ್ತದೆ. ಮಳೆ ಬಾರದ ಮೂರು ಊರಿನವರು ಅದನ್ನು ಸುಳ್ಳೆಂದು ನೆನಪಿಡುತ್ತಾರೆ, ಮುಂದಿನ ಬಾರಿ ಹೊಲಕ್ಕೋ ಕುರಿ ಮೇಯಿಸಲೋ ನಿಶ್ಚಿಂತೆಯಿಂದ ಹೋಗುತ್ತಾರೆ, ಆಗ ಸಿಡಿಲು ಬಡಿಯುತ್ತದೆ. ಈ ಪುಟ ಬರೆಯಲು ನಮ್ಮನ್ನು ಪ್ರೇರೇಪಿಸಿದ್ದು ಮುಖ್ಯವಾಗಿ ಈ ಸರಪಳಿಯೇ. ಜಿಲ್ಲೆಯ ಮುನ್ಸೂಚನೆಯನ್ನು ಬೆಳಿಗ್ಗೆ ಓದಿ ಅಲ್ಲಿಗೇ ಬಿಡದೆ, ಮಧ್ಯಾಹ್ನದ ನಂತರ ಮುಂದಿನ ಮೂರು ಗಂಟೆಗಳಿಗಾಗಿ ಇಲಾಖೆ ಹೊರಡಿಸುವ ತಕ್ಷಣದ ಮುನ್ಸೂಚನೆಯನ್ನೂ ನೋಡುವುದು, ಕಣ್ಣೆದುರಿನ ಆಕಾಶವನ್ನು ಗಮನಿಸುವುದು, ಈ ಮೂರೂ ಸೇರಿದಾಗಲೇ ಮುನ್ಸೂಚನೆ ನಮ್ಮ ಅಂಗಳಕ್ಕೆ ಇಳಿಯುತ್ತದೆ.

ಹಳದಿ ಎಚ್ಚರಿಕೆಯೆಂದರೆ ಹೆದರಬೇಕಾಗಿಲ್ಲ ಅಲ್ಲವೆ?

ಹೆದರಬೇಕಾಗಿಲ್ಲ, ಆದರೆ ಕಡೆಗಣಿಸುವಂತೆಯೂ ಇಲ್ಲ. ಹಸಿರು ಎಂದರೆ ಎಚ್ಚರಿಕೆ ಇಲ್ಲ. ಹಳದಿ ಎಂದರೆ ಗಮನವಿಟ್ಟು ಮಾಹಿತಿ ಪಡೆಯುತ್ತಿರಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ. ಬಣ್ಣವು ಮಳೆಯ ಪ್ರಮಾಣವನ್ನು ಮಾತ್ರವಲ್ಲದೆ ಅದರಿಂದ ಜನಜೀವನದ ಮೇಲಾಗಬಹುದಾದ ಪರಿಣಾಮವನ್ನೂ ಸೂಚಿಸುತ್ತದೆ. ಬೇಸಿಗೆಯ ಗುಡುಗು ಸಿಡಿಲಿನ ದಿನಗಳಲ್ಲಿ ಹೆಚ್ಚಾಗಿ ಕಾಣಿಸುವುದು ಹಳದಿಯೇ. ದೇಶದಲ್ಲಿ ಪ್ರತಿ ವರ್ಷ 2,000ಕ್ಕೂ ಹೆಚ್ಚು ಜನರು ಸಿಡಿಲಿಗೆ ಬಲಿಯಾಗುತ್ತಿರುವಾಗ, ಬಯಲಿನಲ್ಲಿ ದುಡಿಯುವವರಿಗೆ ಹಳದಿ ಬಣ್ಣವೂ ಗಂಭೀರವಾದದ್ದೇ. ಮನೆಯೊಳಗಿದ್ದು ಕೆಲಸ ಮಾಡುವವರ ಹಳದಿ ಬೇರೆ, ದನಗಾಹಿಯ ಹಳದಿ ಬೇರೆ.

‘ಭಾರಿ ಮಳೆ’ ಎಂದರೆ ಎಷ್ಟು?

24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆಯಾದರೆ ಭಾರಿ, 115.6ರಿಂದ 204.4 ಆದರೆ ಅತಿ ಭಾರಿ, ಅದಕ್ಕಿಂತ ಹೆಚ್ಚಾದರೆ ಅತ್ಯಂತ ಭಾರಿ ಮಳೆ. ಇಲಾಖೆಯ ಮಳೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ. ಹೀಗಾಗಿ ಭಾನುವಾರ ಸಂಜೆ ಸುರಿದ ಮಳೆ ಸೋಮವಾರದ ಲೆಕ್ಕದಲ್ಲಿ ಕಾಣಿಸಿಕೊಂಡರೆ ಗೊಂದಲಪಡಬೇಕಿಲ್ಲ.

ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ಮೂವತ್ತು ನಲವತ್ತರ ಒಂದು ನಿವೇಶನದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 11 ಸಾವಿರ ಲೀಟರ್. ಬೇಸಿಗೆಯಲ್ಲಿ ಟ್ಯಾಂಕರಿಗೆ ಫೋನ್ ಮಾಡಿ ಕಾದು ಕುಳಿತವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಆ ನೀರನ್ನು ಚಾವಣಿಯಿಂದ ಸಂಪಿಗೋ ಇಂಗುಗುಂಡಿಗೋ ಇಳಿಸಿಕೊಂಡ ಮನೆ ತನ್ನ ಬಾಯಾರಿಕೆಯನ್ನೂ ತಗ್ಗಿಸಿಕೊಳ್ಳುತ್ತದೆ, ಬೀದಿಯ ನೆರೆಯನ್ನೂ ತಗ್ಗಿಸುತ್ತದೆ.

ಬೇಸಿಗೆಯ ಮಳೆಯಿಂದ ನೆರೆ ಬರುತ್ತದೆಯೆ? ಅದು ಮಳೆಗಾಲದ ಮಾತಲ್ಲವೆ?

ನದಿಯ ನೆರೆ ಮಳೆಗಾಲದ ಮಾತು. ಕೃಷ್ಣಾ, ಭೀಮಾ ತೀರದ ಊರುಗಳು ಮುಳುಗುವುದು ಬಹುಪಾಲು ಮಹಾರಾಷ್ಟ್ರದ ಮಳೆ ಮತ್ತು ಜಲಾಶಯಗಳಿಂದ ಬಿಡುವ ನೀರಿನಿಂದ. ಅಲ್ಲಿ ಎಚ್ಚರಿಸಲು ಒಂದೆರಡು ದಿನಗಳಾದರೂ ಸಿಗುತ್ತವೆ. ಬೇಸಿಗೆಯ ಕೊನೆಯಲ್ಲಿ ಬರುವುದು ಬೇರೆ ಬಗೆಯ ನೆರೆ. ಅದು ಹಳ್ಳದಲ್ಲಿ, ಬೀದಿಯಲ್ಲಿ, ಕೆಳಸೇತುವೆಯಲ್ಲಿ ಗಂಟೆಯೊಳಗೆ ಏರಿ ಗಂಟೆಯೊಳಗೆ ಇಳಿಯುತ್ತದೆ. ದಿನವಿಡೀ ಜಿನುಗಿದ 60 ಮಿಲಿಮೀಟರ್ ಮಳೆಯನ್ನು ಊರು ತಾಳಿಕೊಳ್ಳುತ್ತದೆ. ಅದೇ ಮಳೆ ಮುಕ್ಕಾಲು ಗಂಟೆಯಲ್ಲಿ ಸುರಿದರೆ ಚರಂಡಿ ಉಕ್ಕುತ್ತದೆ. 24 ಗಂಟೆಗಳ ಅಂಕಿಯಲ್ಲಿ ಈ ವ್ಯತ್ಯಾಸ ಮರೆಯಾಗುವುದರಿಂದ, ಬೇಸಿಗೆಯ ಮಳೆಯಲ್ಲಿ ಎಷ್ಟು ಎಂಬುದರ ಜೊತೆಗೆ ಎಷ್ಟು ಹೊತ್ತಿನಲ್ಲಿ ಎಂಬುದನ್ನೂ ಕೇಳಬೇಕು.

ಬೆಂಗಳೂರಿನ 2024ರ ಬೇಸಿಗೆಯನ್ನೇ ನೋಡಬಹುದು. ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿ ನಗರ ನೀರಿಗಾಗಿ ಪರದಾಡಿತು. ಏಪ್ರಿಲ್ 28ರಂದು ಉಷ್ಣಾಂಶ 38.5 ಡಿಗ್ರಿ ಸೆಲ್ಸಿಯಸ್‌ಗೆ ಏರಿ, 2016ರ ಏಪ್ರಿಲ್ 25ರ 39.2 ಡಿಗ್ರಿಯ ದಾಖಲೆಯ ಸಮೀಪಕ್ಕೆ ಬಂತು. ಅದಾಗಿ ಐದೇ ವಾರಗಳಲ್ಲಿ, ಜೂನ್ 2ರಂದು, 111.1 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳ ಒಂದೇ ದಿನದ ಮಳೆಯಲ್ಲಿ ಅದು 1891ರ ಜೂನ್ 16ರ 101.6 ಮಿಲಿಮೀಟರಿನ ದಾಖಲೆಯನ್ನು ಮುರಿಯಿತು. ಅದೇ ನಗರ, ಅದೇ ಬೇಸಿಗೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿದ್ದು, ಪಕ್ಕದಲ್ಲಿ ದೊಡ್ಡ ನದಿಯೂ ಇಲ್ಲದ ಈ ಊರು ಮುಳುಗುವುದೇಕೆ ಎಂದು ಹಲವರು ಕೇಳುತ್ತಾರೆ. ದಿಬ್ಬದ ನೀರು ವೃಷಭಾವತಿ, ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಕಣಿವೆಗಳಿಗೆ ಇಳಿದು, ಕೆರೆಯಿಂದ ಕೆರೆಗೆ ರಾಜಕಾಲುವೆಗಳ ಮೂಲಕ ಹರಿಯುವಂತೆ ಹಿಂದಿನವರು ಏರ್ಪಾಡು ಮಾಡಿದ್ದರು. ಕಾಲುವೆ ಕಿರಿದಾದಾಗ, ಕೆರೆಯಂಗಳದಲ್ಲಿ ಬಡಾವಣೆ ಎದ್ದಾಗ, ಮಣ್ಣಿನ ನೆಲ ಕಾಂಕ್ರೀಟಿನಡಿ ಸೇರಿದಾಗ, ನೀರು ತನ್ನ ಹಳೆಯ ದಾರಿಯಲ್ಲೇ ಬಂದು ಅಲ್ಲಿರುವ ಮನೆಗಳೊಳಗೆ ನಿಲ್ಲುತ್ತದೆ. ಇದನ್ನು ಮಳೆಯ ತಪ್ಪೆಂದು ಹೇಳಲು ನಮಗೆ ಮನಸ್ಸಿಲ್ಲ.

ನೀರು ನಿಂತ ಕೆಳಸೇತುವೆಯನ್ನೋ ತುಂಬಿದ ಹಳ್ಳವನ್ನೋ ವಾಹನದಲ್ಲಿ ದಾಟಬಹುದೆ?

ದಾಟಬಾರದು. 2023ರ ಮೇ 21ರ ಸಂಜೆ ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ತುಂಬಿದ್ದ ಮಳೆನೀರಿನಲ್ಲಿ ಕಾರೊಂದು ಸಿಲುಕಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ವಿಧಾನಸೌಧದಿಂದ ಕೂಗಳತೆಯ ದೂರದಲ್ಲಿ, ನಗರದ ನಟ್ಟನಡುವೆ ಅದು ಸಂಭವಿಸಿತು. ನೀರಿನ ಆಳ ಮೇಲಿನಿಂದ ತಿಳಿಯುವುದಿಲ್ಲ. ರಭಸದಿಂದ ಹರಿಯುವ ನೀರು ಪಾದ ಮುಳುಗಿಸಿ ಗೇಣಿನ ಸಮೀಪಕ್ಕೆ ಬಂದರೆ ವಯಸ್ಕರನ್ನೂ ಉರುಳಿಸಬಲ್ಲದು. ಒಂದು ಅಡಿ ನೀರು ಸಣ್ಣ ಕಾರನ್ನು ಜರುಗಿಸುತ್ತದೆ. ಎರಡು ಅಡಿಯಾದರೆ ಬಹುತೇಕ ವಾಹನಗಳು ತೇಲುತ್ತವೆ.

ಉತ್ತರ ಕರ್ನಾಟಕದ ಹಳ್ಳಗಳಲ್ಲಿ ಅಪಾಯ ಇನ್ನೊಂದು ರೂಪದಲ್ಲಿದೆ. ವರ್ಷದ ಬಹುಕಾಲ ಒಣಗಿರುವ ಹಳ್ಳಕ್ಕೆ, ತಲೆಯ ಮೇಲೆ ಮೋಡವೇ ಇಲ್ಲದಿರುವಾಗ, ಮೇಲ್ಭಾಗದಲ್ಲೆಲ್ಲೋ ಸುರಿದ ಮಳೆಯ ನೀರು ಒಮ್ಮೆಲೇ ನುಗ್ಗುತ್ತದೆ. ದಿನವೂ ದಾಟುವ ಅಭ್ಯಾಸದಿಂದ ಎತ್ತಿನ ಬಂಡಿಯನ್ನೋ ಬೈಕನ್ನೋ ಇಳಿಸುವವರು ಕೊಚ್ಚಿಹೋಗುವುದು ಹೀಗೆ. ಕೆನ್ನೀರು ಇಳಿಯಲು ಸಾಮಾನ್ಯವಾಗಿ ಕೆಲವೇ ಗಂಟೆಗಳು ಸಾಕು, ಆಚೆ ದಡದಲ್ಲಿ ಮನೆ ಕಾಣುತ್ತಿದ್ದರೂ ಕಾಯಬೇಕು.

‘ಬಿಸಿಗಾಳಿ’ ಎಂದು ಯಾವಾಗ ಘೋಷಿಸುತ್ತಾರೆ?

ಬಯಲು ಸೀಮೆಯಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ತಲುಪಿ, ಆ ದಿನದ ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಹೆಚ್ಚಿರಬೇಕು. ಕರಾವಳಿಗೆ ಈ ಮಿತಿ 37 ಡಿಗ್ರಿ, ಗುಡ್ಡಗಾಡಿಗೆ 30 ಡಿಗ್ರಿ. ವಾಡಿಕೆ ಏನೇ ಇರಲಿ, 45 ಡಿಗ್ರಿ ಮುಟ್ಟಿದರೆ ಬಿಸಿಗಾಳಿಯೇ, 47 ಮುಟ್ಟಿದರೆ ತೀವ್ರ ಬಿಸಿಗಾಳಿ. ಒಂದು ಹವಾಮಾನ ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ ಎರಡು ದಿನ ಸತತವಾಗಿ ಹೀಗಿದ್ದರೆ ಎರಡನೆಯ ದಿನ ಘೋಷಣೆಯಾಗುತ್ತದೆ. ನಮ್ಮ ರಾಜ್ಯದಲ್ಲಿ ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂಬ ಮೂರು ಉಪವಿಭಾಗಗಳಿವೆ.

ಈ ಲೆಕ್ಕಾಚಾರದಿಂದ ಒಂದು ವಿಚಿತ್ರ ಉಂಟಾಗುತ್ತದೆ. ಕಲಬುರಗಿ, ರಾಯಚೂರುಗಳಲ್ಲಿ ಏಪ್ರಿಲ್ ಕೊನೆಗೆ 41 ಡಿಗ್ರಿ ವಾಡಿಕೆಗೆ ಹತ್ತಿರವೇ ಇರುವುದರಿಂದ ಬಿಸಿಗಾಳಿ ಎಂಬ ಪದ ಬರುವುದಿಲ್ಲ; ಆದರೆ ಗಾರೆ ಕೆಲಸದವರಿಗೂ ಉದ್ಯೋಗ ಖಾತರಿಯ ಕೆರೆ ಹೂಳೆತ್ತುವವರಿಗೂ ಆ ಬಿಸಿಲು ಅಷ್ಟೇ ಅಪಾಯಕಾರಿ. ಘೋಷಣೆ ಇಲ್ಲವೆಂದರೆ ಅಪಾಯವಿಲ್ಲವೆಂದು ತಿಳಿಯಬಾರದು.

ಮಂಗಳೂರಿನ 35 ಡಿಗ್ರಿ ರಾಯಚೂರಿನ 41ಕ್ಕಿಂತ ಹಿಂಸೆ ಎನಿಸುವುದೇಕೆ?

ಮೈ ತಂಪಾಗುವುದು ಬೆವರಿನಿಂದಲ್ಲ, ಬೆವರು ಆರುವುದರಿಂದ. ಕರಾವಳಿಯ ಗಾಳಿಯಲ್ಲಿ ಆಗಲೇ ನೀರಾವಿ ತುಂಬಿರುವುದರಿಂದ ಬೆವರು ಇಳಿಯುತ್ತದೆಯೇ ಹೊರತು ಆರುವುದಿಲ್ಲ. ರಾತ್ರಿಯೂ ತಂಪಾಗದಿದ್ದರೆ ದೇಹಕ್ಕೆ ಸುಧಾರಿಸಿಕೊಳ್ಳಲು ಬಿಡುವೇ ಸಿಗದು. ವೃದ್ಧರು, ಎಳೆಯ ಮಕ್ಕಳು, ಹೃದಯ ಮತ್ತು ಮೂತ್ರಪಿಂಡದ ತೊಂದರೆಯಿರುವವರು ಮೊದಲು ಬಳಲುತ್ತಾರೆ. ಮೊಬೈಲಿನಲ್ಲಿ ‘ಅನುಭವಕ್ಕೆ ಬರುವ ಉಷ್ಣಾಂಶ’ ಎಂದು ಹೆಚ್ಚಿನ ಅಂಕಿ ಕಾಣುವುದು ಈ ತೇವಾಂಶವನ್ನು ಸೇರಿಸಿಕೊಂಡದ್ದರಿಂದ. ಇಲಾಖೆಯ ಅಂಕಿಯಾದರೋ ನೆರಳಿನಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯಲ್ಲಿ ಇಟ್ಟ ತಾಪಮಾಪಕದ್ದು. ಬಿಸಿಲಲ್ಲಿ ನಿಂತವರ ಮೈಗೆ ತಾಗುವ ಝಳ ಅದಕ್ಕಿಂತ ಹೆಚ್ಚೇ.

ಬಿಸಿಲಾಘಾತವಾದರೆ ಮೊದಲು ಏನು ಮಾಡಬೇಕು?

ತಲೆಸುತ್ತು, ಸ್ನಾಯು ಸೆಳೆತ, ವಾಂತಿ ಇವು ಬಿಸಿಲಿನ ಬಳಲಿಕೆಯ ಲಕ್ಷಣಗಳು. ನೆರಳು, ವಿಶ್ರಾಂತಿ, ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಪಾನಕ ಅಥವಾ ಓಆರ್‌ಎಸ್‌ನಿಂದ ಸಾಮಾನ್ಯವಾಗಿ ಸುಧಾರಿಸುತ್ತದೆ. ಆದರೆ ಮೈ ಕೆಂಡದಂತೆ ಸುಡುತ್ತಿದ್ದು, ಮಾತು ತೊದಲಿ, ಗುರುತು ಹಿಡಿಯದೆ, ಪ್ರಜ್ಞೆ ತಪ್ಪುವಂತಾದರೆ ಅದು ಬಿಸಿಲಾಘಾತ, ಪ್ರಾಣಕ್ಕೆ ಕುತ್ತು. ಕೂಡಲೇ 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ಬರುವವರೆಗೆ ಸುಮ್ಮನೆ ಕಾಯದೆ ಮೈಮೇಲೆ ನೀರು ಸುರಿದು ಗಾಳಿ ಬೀಸಬೇಕು, ಕುತ್ತಿಗೆ, ಕಂಕುಳು, ತೊಡೆಸಂದುಗಳಿಗೆ ತಣ್ಣೀರಿನ ಬಟ್ಟೆ ಇಡಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಮಳೆಗಿಂತ ಮೊದಲು ಬೀಸುವ ಬಿರುಗಾಳಿಗೆ ಕಾರಣವೇನು?

ಮೋಡದಿಂದ ಇಳಿಯುವ ಹನಿಗಳು ಕೆಳಗಿನ ಒಣ ಗಾಳಿಯಲ್ಲಿ ಆವಿಯಾದಾಗ ಆ ಗಾಳಿ ಒಮ್ಮೆಲೇ ತಣ್ಣಗಾಗಿ ಭಾರವಾಗುತ್ತದೆ, ಧೊಪ್ಪನೆ ನೆಲಕ್ಕೆ ಬಿದ್ದು ಸುತ್ತಲೂ ಚದುರುತ್ತದೆ. ಧೂಳೆಬ್ಬಿಸಿಕೊಂಡು ಬರುವ ಆ ತಂಪು ಗಾಳಿಯೇ ಹೆಂಚು, ತಗಡು ಹಾರಿಸಿ, ಬಾಳೆ ತೋಟವನ್ನು ಮಲಗಿಸುತ್ತದೆ. ನೆಲದ ಹತ್ತಿರದ ಗಾಳಿ ಹೆಚ್ಚು ಒಣಗಿರುವ ಉತ್ತರ ಒಳನಾಡಿನಲ್ಲಿ ಕೆಲವೊಮ್ಮೆ ಗಾಳಿಯೇ ದೊಡ್ಡದಾಗಿ ಮಳೆ ನಾಲ್ಕು ಹನಿಯಾಗುವುದು ಇದರಿಂದ.

ಸಿಡಿಲಿನಿಂದ ಪಾರಾಗುವುದು ಹೇಗೆ? ಮೊಬೈಲ್ ಆರಿಸಬೇಕೆ?

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರಿನಂತೆ ಲೆಕ್ಕ. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಸಿಡಿಲು ನಿಮ್ಮನ್ನು ತಲುಪುವಷ್ಟು ಹತ್ತಿರದಲ್ಲಿದೆ. ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷವಾಗುವವರೆಗೆ ಒಳಗಿರಬೇಕು. ಮಳೆ ಶುರುವಾಗುವ ಮೊದಲೇ ಸಿಡಿಲು ಬಡಿಯಬಲ್ಲದು, ಮಳೆ ನಿಂತ ಮೇಲೂ ಬಡಿಯಬಲ್ಲದು.

ನಮ್ಮ ಹಳ್ಳಿಗಳಲ್ಲಿ ಜೀವ ತೆಗೆಯುತ್ತಿರುವ ಅಭ್ಯಾಸವೆಂದರೆ ಮಳೆಗೆ ಹೆದರಿ ಒಂಟಿ ಮರದ ಕೆಳಗೆ ನಿಲ್ಲುವುದು. ಮರಕ್ಕೆ ಬಡಿದ ಸಿಡಿಲು ಕಾಂಡದಿಂದ ಪಕ್ಕದವರಿಗೆ ಹಾರುತ್ತದೆ, ಬೇರಿನ ಸುತ್ತಲ ನೆಲದಲ್ಲೂ ಹರಡುತ್ತದೆ. ಗುಂಪಾಗಿ ನಿಂತ ಕುರಿಗಳೂ ಜನರೂ ಒಂದೇ ಏಟಿಗೆ ಬೀಳುವುದು ಅದಕ್ಕೇ. ನೆನೆದರೆ ಶೀತವಾದೀತು, ಅಷ್ಟೇ. ಗಟ್ಟಿ ಕಟ್ಟಡ, ಅದಿಲ್ಲದಿದ್ದರೆ ಕಿಟಕಿ ಮುಚ್ಚಿದ ಬಸ್ಸು ಅಥವಾ ಕಾರು ಸುರಕ್ಷಿತ. ಹೊಲದ ನಡುವಿನ ಗುಡಿಸಲು, ಟ್ರ್ಯಾಕ್ಟರ್, ಕೆರೆಯ ನೀರು, ತಂತಿ ಬೇಲಿಗಳಿಂದ ದೂರವಿರಬೇಕು. ಎಲ್ಲಿಯೂ ಆಶ್ರಯ ಸಿಗದಿದ್ದರೆ ಒಬ್ಬರಿಂದೊಬ್ಬರು ದೂರ ಸರಿದು, ಪಾದಗಳನ್ನು ಜೋಡಿಸಿ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಬೇಕು, ಮಲಗಬಾರದು.

ಮೊಬೈಲ್ ಸಿಡಿಲನ್ನು ಸೆಳೆಯುವುದಿಲ್ಲ. ಚಾರ್ಜರಿಗೆ ಸಿಕ್ಕಿಸಿದ ಫೋನ್, ತಂತಿಯ ದೂರವಾಣಿ, ಟಿ.ವಿ., ನಲ್ಲಿಯ ನೀರು ಇವುಗಳಿಂದ ದೂರವಿದ್ದರೆ ಸಾಕು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ, ಮುಟ್ಟಿದವರಿಗೆ ಏನೂ ಆಗುವುದಿಲ್ಲ. ಉಸಿರು, ನಾಡಿ ನಿಂತಿದ್ದರೆ ತಕ್ಷಣ ಎದೆ ಒತ್ತಲು ಆರಂಭಿಸಿ 108ಕ್ಕೆ ಕರೆ ಮಾಡುವುದರಿಂದ ಅನೇಕರನ್ನು ಉಳಿಸಬಹುದು. ಮುಟ್ಟಲು ಹೆದರಿ ಸುತ್ತ ನಿಂತು ನೋಡುವ ಆ ನಿಮಿಷಗಳೇ ಜೀವ ಕಳೆಯುತ್ತವೆ.

ನಕ್ಷತ್ರದ ಮಳೆಗಳ ಲೆಕ್ಕವನ್ನು ಈಗಲೂ ನಂಬಬಹುದೆ?

ಅದು ಪಂಚಾಂಗವೂ ಹೌದು, ತಲೆತಲಾಂತರದ ಅವಲೋಕನವೂ ಹೌದು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವಂತೆ ವರ್ಷವನ್ನು ಭಾಗ ಮಾಡಿ, ಯಾವ ಪಕ್ಷದ ಮಳೆ ಯಾವ ಬೆಳೆಗೆ ಹಿತ, ಯಾವುದಕ್ಕೆ ಅಹಿತ ಎಂದು ರೈತರು ಗುರುತಿಸಿದರು. ‘ಅಶ್ವಿನಿ ಸಸ್ಯ ನಾಶಿನಿ’ ಎಂಬ ಮಾತು ಏಪ್ರಿಲ್ ನಡುವಿನ ಬಿರುಮಳೆಯ ಹಾನಿಯನ್ನೂ, ‘ಭರಣಿ ಮಳೆ ಧರಣಿ ಬೆಳೆ’ ಎಂಬುದು ಉಳುಮೆಗೆ ಹದ ತರುವ ಮಳೆಯ ಮಹತ್ವವನ್ನೂ ಹೇಳುತ್ತವೆ. ಮಲೆನಾಡಿನ ಕಾಫಿಗೆ ಹೂಮಳೆ ಸಕಾಲಕ್ಕೆ ಬಾರದಿದ್ದರೆ ಇಡೀ ವರ್ಷದ ಫಸಲು ಸೊರಗುತ್ತದೆ. ಹೀಗಾಗಿ ಕಾಲದ ಅಂದಾಜಿಗೆ ನಕ್ಷತ್ರದ ಲೆಕ್ಕ ಉಪಯುಕ್ತ. ಇಂದು ಸಂಜೆ ಕಣದಲ್ಲಿ ರಾಶಿ ಹಾಕಬಹುದೇ ಎಂಬ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರವಿಲ್ಲ.

ಮೇ ಕೊನೆಯ ಮಳೆ ಮುಂಗಾರೋ, ಅಡ್ಡಮಳೆಯೋ? ತಿಳಿಯುವುದು ಹೇಗೆ?

ಮಾರ್ಚ್‌ನಿಂದ ಮೇವರೆಗಿನ ಮಳೆಯನ್ನು ಇಲಾಖೆ ಮುಂಗಾರು ಪೂರ್ವ ಮಳೆಯೆಂದು ಲೆಕ್ಕ ಹಾಕುತ್ತದೆ. ಮುಂಗಾರು ಕೇರಳ ಪ್ರವೇಶಿಸಿತೆಂದು ಘೋಷಿಸಲು 14 ಕೇಂದ್ರಗಳ ಮಳೆಯನ್ನು ನೋಡಲಾಗುತ್ತದೆ. ಆ ಹದಿನಾಲ್ಕರಲ್ಲಿ ನಮ್ಮ ಮಂಗಳೂರೂ ಒಂದು. ಮೇ 10ರ ನಂತರ ಶೇ 60ರಷ್ಟು ಕೇಂದ್ರಗಳಲ್ಲಿ ಸತತ ಎರಡು ದಿನ 2.5 ಮಿಲಿಮೀಟರ್ ಅಥವಾ ಹೆಚ್ಚು ಮಳೆಯಾಗಿ, ಪಶ್ಚಿಮದ ಗಾಳಿಯ ಆಳ, ವೇಗ ಮತ್ತು ಮೋಡದ ಹರವು ಕೂಡ ಹೊಂದಿಕೆಯಾಗಬೇಕು. ವಾಡಿಕೆಯ ದಿನ ಜೂನ್ 1. 2025ರಲ್ಲಿ ಮೇ 24ರಂದೇ ಬಂತು. 2009ರ ಬಳಿಕ ಅಷ್ಟು ಬೇಗ ಬಂದಿರಲಿಲ್ಲ. ಹಾಗಾಗಿ ಮೇ ತಿಂಗಳೊಳಗೇ ಚರಂಡಿ, ಕಾಲುವೆಗಳ ಹೂಳು ತೆಗೆಸಿಕೊಳ್ಳುವುದು ಪಂಚಾಯಿತಿ, ಪುರಸಭೆಗಳಿಗೆ ಕ್ಷೇಮ. ಸಾಮಾನ್ಯ ಓದುಗರಿಗೆ ಸುಲಭದ ಗುರುತೆಂದರೆ, ಸಂಜೆ ಗುಡುಗಿ ಅಬ್ಬರಿಸಿ ಹೋಗುವುದು ಬೇಸಿಗೆಯ ಮಳೆ. ಗುಡುಗು ಕಡಿಮೆಯಾಗಿ, ಪಡುವಣ ಗಾಳಿ ಬಿಡದೆ ಬೀಸಿ, ಹಗಲು ರಾತ್ರಿ ಎನ್ನದೆ ಹನಿಯುವುದು ಮುಂಗಾರು.

ಆಲಿಕಲ್ಲಿನಿಂದ ಬೆಳೆ ಹಾಳಾದರೆ?

ಫಸಲ್ ಬಿಮಾ ಯೋಜನೆಯಡಿ ವಿಮೆ ಮಾಡಿಸಿದ ಬೆಳೆಗೆ ಆಲಿಕಲ್ಲಿನಂತಹ ಸ್ಥಳೀಯ ವಿಕೋಪದಿಂದ ಹಾನಿಯಾದರೆ 72 ಗಂಟೆಗಳೊಳಗೆ ತಿಳಿಸಬೇಕು. ಹೊಲ ಹಸನು ಮಾಡುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ಮಾವು, ದಾಳಿಂಬೆಯಂತಹ ತೋಟಗಾರಿಕೆ ಬೆಳೆಗಳಿಗೆ ಹವಾಮಾನ ಆಧಾರಿತ ವಿಮೆ ಬೇರೆಯೇ ಇದ್ದು, ಅದರ ನಿಯಮಗಳನ್ನು ರೈತ ಸಂಪರ್ಕ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯಲ್ಲಿ ಮೊದಲೇ ವಿಚಾರಿಸಿಕೊಂಡಿರಬೇಕು.

ನಂಬಬಹುದಾದ ಮಾಹಿತಿ ಎಲ್ಲಿ ಸಿಗುತ್ತದೆ?

ಭಾರತೀಯ ಹವಾಮಾನ ಇಲಾಖೆಯ ಬೆಂಗಳೂರು ಕೇಂದ್ರದ ದೈನಂದಿನ ವರದಿ, ಅದರ ‘ಮೌಸಮ್’ ಆ್ಯಪ್, ಸಿಡಿಲಿಗಾಗಿ 20ರಿಂದ 40 ಕಿಲೋಮೀಟರ್ ವ್ಯಾಪ್ತಿಯಲ್ಲಿ ಎಚ್ಚರಿಸುವ ‘ದಾಮಿನಿ’ ಆ್ಯಪ್ ಇವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಮಳೆಮಾಪಕಗಳನ್ನು ಇರಿಸಿದ್ದು, ಅವು 15 ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುತ್ತವೆ. ನಿಮ್ಮ ಹೋಬಳಿಯಲ್ಲಿ ಎಷ್ಟು ಮಳೆಯಾಯಿತೆಂದು ತಿಳಿಯಲು ಇದಕ್ಕಿಂತ ಹತ್ತಿರದ ಮೂಲ ಇಲ್ಲ. ದಿನಾಂಕವಿಲ್ಲದೆ ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಎಚ್ಚರಿಕೆಯನ್ನು ಮುಂದೆ ಕಳಿಸಬೇಡಿ. ಹೋದ ವರ್ಷದ ಕೆಂಪು ನಕ್ಷೆ ಈ ವರ್ಷವೂ ಹರಿದಾಡುತ್ತಿರುತ್ತದೆ.

ತುರ್ತಿಗೆ 112, ಜಿಲ್ಲಾ ವಿಕೋಪ ನಿಯಂತ್ರಣ ಕೊಠಡಿಗೆ 1077, ವಿದ್ಯುತ್ ದೂರಿಗೆ 1912. ಗಾಳಿಮಳೆಯ ಮರುದಿನ ನಸುಕಿನಲ್ಲಿ ಗದ್ದೆಗೆ ಹೋಗುವವರು ಟಾರ್ಚ್ ಹಿಡಿದೇ ಹೋಗಬೇಕು. ರಾತ್ರಿ ಹರಿದು ಬಿದ್ದ ತಂತಿ ಕೆಸರಿನಲ್ಲಿ ಕಾಣುವುದಿಲ್ಲ, ಅದರಲ್ಲಿ ಕರೆಂಟು ಇದೆಯೋ ಇಲ್ಲವೋ ನೋಡಿದರೆ ತಿಳಿಯುವುದಿಲ್ಲ. ಅಂಥದ್ದು ಕಂಡರೆ ದೂರ ನಿಂತು, ದನಕರುಗಳನ್ನೂ ತಡೆದು, 1912ಕ್ಕೆ ಕರೆ ಮಾಡಿ, ಲೈನ್‌ಮ್ಯಾನ್ ಬರುವವರೆಗೆ ಯಾರೂ ಆ ಕಡೆ ಸುಳಿಯದಂತೆ ನೋಡಿಕೊಳ್ಳಿ.